ಹಗಲು ಹೊತ್ತಿನ ಅರಿಶಿಣ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತಿದ್ದೆ. ಹೆಂಡತಿಗೆ ಮೊಣಕಾಲು ನೋವು. ನಿವೃತ್ತನಾದ ಗಂಡಸಿಗೆ ಇದಕ್ಕಿಂತ ದೊಡ್ಡ ಹುದ್ದೆಯನ್ನು ಇನ್ನು ಯಾರು ಕೊಡುತ್ತಾರೆ? ದಾಂಡೇಲಿಯ ಹಳೆಯ ನೆರೆಯವರೊಬ್ಬರು ಫೋನಿನಲ್ಲಿ, "ಸಾಣಿ ಮಿಸ್ತ್ರಿ ಹ್ವಾದ್ರು ನೋಡ್ರಿ, ಕೂತಲ್ಲೇ, ಚಹಾ ಕುಡದು" ಎಂದರು. ಕಣ್ಣಲ್ಲಿ ಮೊದಲೇ ನೀರಿತ್ತು. ಅದರಲ್ಲಿ ಉಳ್ಳಾಗಡ್ಡಿಯದೆಷ್ಟು, ಮಿಸ್ತ್ರಿಯದೆಷ್ಟು ಎಂದು ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡಾಗ ಕಾಗದದ ಕಾರ್ಖಾನೆಯೂ ಹೊಸದು, ಊರೂ ಹೊಸದು, ನನ್ನ ಮೀಸೆಯೂ ಹೊಸದು. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಬಂದ ನಾವೆಲ್ಲ ಅಂಬೇವಾಡಿಯ ಸಾಲುಮನೆಗಳಲ್ಲಿ ಒಬ್ಬರ ಒಗ್ಗರಣೆಯ ವಾಸನೆ ಇನ್ನೊಬ್ಬರು ಕುಡಿದುಕೊಂಡು ಇದ್ದೆವು. ನಾನು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಅವರು ಸಾಣೆಯ ಕೋಣೆಯಲ್ಲಿ ಮಿಸ್ತ್ರಿ. ಜೊಯಿಡಾದ ಕಾಡಿನಿಂದ ಲಾರಿಗಟ್ಟಲೆ ಬಿದಿರು ಬರುತ್ತಿತ್ತು. ಅದನ್ನು ಕೊಚ್ಚಿ ಚೂರು ಮಾಡುವ ಯಂತ್ರಕ್ಕೆ ತೊಡೆಯಷ್ಟು ಉದ್ದದ ಅಲಗುಗಳು. ಒಂದು ಪಾಳಿ ಮುಗಿಯುವುದರೊಳಗೆ ಅವು ಮೊಂಡಾಗುತ್ತಿದ್ದವು. ಅವುಗಳನ್ನು ಮತ್ತೆ ಹರಿತ ಮಾಡುವುದು ಇವರ ಕೆಲಸ. ಮುಂಗೈ ತುಂಬ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು. ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹೊಸಬರು ತಮಗೆ ಕಣ್ಣು ಹೊಡೆಯುತ್ತಿದ್ದಾನೆ ಎಂದು ಸಿಟ್ಟಾದದ್ದೂ ಉಂಟು. ವಯಸ್ಸು ಮೂವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಕಬ್ಬಣ ಉಜ್ಜೂದ್ರಾಗ ಹೊತ್ತು ಹೋತು ತಮ್ಮಾ" ಎನ್ನುತ್ತಿದ್ದರು.

ಮನೆಯ ಮುಂದೆ ಅವರದೇ ಒಂದು ಸಾಣೆ ಇತ್ತು. ಹಳೆಯ ಸೈಕಲ್ಲಿನ ಗಾಲಿ, ಪೆಡಲು ಸೇರಿಸಿ ತಾವೇ ಮಾಡಿಕೊಂಡದ್ದು. ಕೆಲಸದಿಂದ ಬಂದು ಚಹಾ ಕುಡಿದು ಅದರ ಮುಂದೆ ಕುಳಿತರೆ ಓಣಿಯ ಹೆಂಗಸರ ಈಳಿಗೆ, ಗಂಡಸರ ಕೊಡಲಿ, ಹಳಿಯಾಳದ ಸಂತೆಗೆ ಹೋಗುವ ಒಕ್ಕಲಿಗರ ಕುಡಗೋಲು ಎಲ್ಲ ಸಾಲುಗಟ್ಟುತ್ತಿದ್ದವು. ಯಾರಿಂದಲೂ ಏನೂ ಇಸಿದುಕೊಳ್ಳುತ್ತಿರಲಿಲ್ಲ. ಅದರ ಬದಲು ಇನ್ನೊಂದು ಚಟ ಇಟ್ಟುಕೊಂಡಿದ್ದರು. ಅಲಗನ್ನು ಬೆಳಕಿಗೆ ಹಿಡಿದು, ಅದು ಎಲ್ಲಿ ಸವೆದಿದೆ, ಎಲ್ಲಿ ಹಲ್ಲು ಮುರಿದಿದೆ ಎಂದು ನೋಡಿ, ಆ ಮನೆಯ ಭವಿಷ್ಯ ಹೇಳುವವರ ಹಾಗೆ ಹೇಳುತ್ತಿದ್ದರು.

"ಈ ಮನ್ಯಾಗ ಎಡಗೈಯಾಕಿ ಒಬ್ಬಾಕಿ ಅದಾಳ." ನಿಜವಿರುತ್ತಿತ್ತು.

"ಇದರಾಗ ಹುಣಶೀಹಣ್ಣು ಭಾಳ ಹೆಚ್ಚ್ಯಾರ. ಬಸುರಿ ಅದಾರೇನ್ರಿ?" ಅದೂ ನಿಜವಾಗಿ, ಅತ್ತೆಗೂ ಗೊತ್ತಿರದ ಸುದ್ದಿ ಓಣಿಗೆ ಗೊತ್ತಾಗಿಬಿಟ್ಟಿತ್ತು.

ಒಮ್ಮೆ ಮಾತ್ರ ಬೆಳಗಾವಿ ಕಡೆಯ ಒಂದು ಮನೆಯ ಈಳಿಗೆ ನೋಡಿ, "ಈ ಮನೀ ಸೊಸಿ ಸಿಟ್ಟಿಲೆ ಹೆಚ್ಚತಾಳ, ಯಾರ ಮ್ಯಾಲಿನ ಸಿಟ್ಟೋ ಏನೋ" ಎಂದುಬಿಟ್ಟರು. ಆ ಮನೆಯ ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದಳು. ಕೊನೆಗೆ ನೋಡಿದರೆ ಆ ಈಳಿಗೆಯ ಮೇಲೆ ಕಬ್ಬು ಕಡಿದವನು ಅತ್ತೆಯ ಗಂಡ. ಅತ್ತೆ, ಸೊಸೆ ಇಬ್ಬರೂ ಒಂದಾಗಿ ಮಿಸ್ತ್ರಿಯನ್ನು ಬೈದರು. ಆ ಮನೆಯಲ್ಲಿ ಅವರಿಬ್ಬರೂ ಒಂದಾದದ್ದು ಅದೇ ಮೊದಲಂತೆ. "ನನ್ನಿಂದ ಒಂದು ಮನಿ ಕೂಡಿತು" ಎಂದು ಇವರು ಮೂರು ದಿನ ನಗುತ್ತ ತಿರುಗಿದರು.

ನನಗೆ ಆಗ ಸಾಹೇಬನಾಗುವ ಹುಚ್ಚು. ಯಾವುದೋ ಪರೀಕ್ಷೆ ಕಟ್ಟಿ, ಊಟ ಬಿಟ್ಟು, ಗೆಳೆಯರನ್ನು ಬಿಟ್ಟು ಓದುತ್ತಿದ್ದೆ. ಮೈ ಇಳಿದು ಕಡ್ಡಿಯಾಗಿದ್ದೆ. ಒಂದು ಸಂಜೆ ಅವರು ನನ್ನನ್ನು ಕರೆದು ಎರಡು ಕಬ್ಬಿಣದ ತುಂಡು ತೋರಿಸಿದರು.

"ಇದನ್ನ ನಾ ಹೊಸದಾಗಿ ಬಂದಾಗ ಸಾಣಿ ಹಿಡದಿದ್ದೆ. ಕೂದಲಾ ಸೀಳತಿತ್ತು. ಬಿದಿರಿನ ಮೊದಲನೇ ಗಂಟಿಗೇ ಚಟ್ಟ ಅಂತು. ಇದು ಈಗಿಂದು. ಅಂಚಿನ ಹಿಂದ ಸ್ವಲ್ಪ ಮೈ ಉಳಿಸೇನಿ. ದಿನಾ ದುಡೀತೇತಿ."

"ನನಗ ಯಾಕ ಹೇಳಾಕತ್ತೀರಿ ಅಣ್ಣಾರ?"

"ನೀ ಉಣ್ಣವಲ್ಲಿ ಅಂತ ನಿಮ್ಮ ಅವ್ವಾರು ಅಳ್ತಾರ. ಸಾಹೇಬ ಆಗು, ಬ್ಯಾಡ ಅನ್ನೂದಿಲ್ಲ. ಸ್ವಲ್ಪ ಮೈ ಉಳಿಸಿಕೊಂಡು ಆಗು."

ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಎರಡನೆಯ ಸಲ, ಹೊಟ್ಟೆತುಂಬ ಉಂಡು ಓದಿದಾಗ ಆದೆ. ಇದರಿಂದ ಯಾರೂ ನೀತಿ ತೆಗೆಯಬೇಕಿಲ್ಲ. ಎರಡನೆಯ ಸಲದ ಪ್ರಶ್ನೆಪತ್ರಿಕೆ ಸುಲಭವಿತ್ತು.

ಇನ್ನು ಅವರ ಬದುಕಿನ ದೊಡ್ಡ ತಪ್ಪಿಗೆ ಬರುತ್ತೇನೆ. ಅದೂ ಒಂದು ಈಳಿಗೆಯಿಂದಲೇ ಆದದ್ದು.

ನಮ್ಮ ಸಾಲಿನ ಕೊನೆಯ ಮನೆಗೆ ಒಬ್ಬ ಫಿಟ್ಟರನ ತಂಗಿ ಬಂದಿದ್ದಳು. ಗಂಡ ಸತ್ತು ನಾಲ್ಕು ವರ್ಷ, ಮಕ್ಕಳಿಲ್ಲ. ಕಾರ್ಖಾನೆಯಲ್ಲಿ ಕಾಗದ ಆರಿಸುವ ಹೆಂಗಸರ ಜೊತೆ ಕೆಲಸಕ್ಕೆ ಸೇರಿದ್ದಳು. ಹಾಳೆಗಳನ್ನು ಬೀಸಣಿಗೆಯಂತೆ ಬಿಚ್ಚಿ ಕಲೆ ಇದ್ದದ್ದನ್ನು ಎಳೆದು ಒಗೆಯುವ ಕೆಲಸ. ಒಂದು ಸಂಜೆ ಆಕೆ ಈಳಿಗೆ ತಂದು ಕೊಟ್ಟು ನಿಂತಳು. ಮಿಸ್ತ್ರಿ ಎಂದಿನಂತೆ ಅದನ್ನು ಬೆಳಕಿಗೆ ಹಿಡಿದರು. ಬುಡದಲ್ಲಷ್ಟೇ ಸವೆದಿತ್ತು, ತುದಿ ಹೊಸದರಂತೆ ಇತ್ತು.

"ಅಂಜುಬುರಕಿ ಕೈ. ತುದೀಗೆ ಹೋಗೂ ಧೈರ್ಯನ ಇಲ್ಲ."

ಆಕೆ ತಲೆ ತಗ್ಗಿಸಲಿಲ್ಲ. "ಈಳಗಿ ನಮ್ಮ ಅತ್ತಿಗೀದು. ನನ್ನದು ಬ್ಯಾರೆ ಐತಿ. ಅದನ್ನ ತಂದ್ರ ನಿಮ್ಮ ಸಾಣಿಕಲ್ಲ ಸವೀತೇತಿ, ಅದಕ್ಕ ತಂದಿಲ್ಲ" ಎಂದಳು.

ಮಿಸ್ತ್ರಿ ಪೆಡಲು ತುಳಿಯುವುದನ್ನು ನಿಲ್ಲಿಸಿದರು. ಮುಚ್ಚಿದ್ದ ಎಡಗಣ್ಣೂ ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತಿನಿಂದ ಯಾರ ಈಳಿಗೆಯ ಬಗ್ಗೆಯೂ ಅವರು ಬಾಯಿ ಬಿಡಲಿಲ್ಲ. ಹೆಂಗಸರು ಕೆದಕಿ ಕೇಳಿದರೂ, "ಕಬ್ಬಣಕ್ಕ ಏನ್ ಗೊತ್ತಿರ್ತೇತ್ರಿ, ಮನಷ್ಯಾರನ್ನ ಕೇಳಬೇಕು" ಎನ್ನುತ್ತಿದ್ದರು. ನಮ್ಮ ಓಣಿಯ ಒಂದು ಮನರಂಜನೆ ಹೀಗೆ ನಿಂತುಹೋಯಿತು.

ಆರು ತಿಂಗಳಲ್ಲಿ ಇಬ್ಬರ ಮನಸ್ಸೂ ಕೂಡಿತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು ನಮ್ಮ ಮಂದಿಯಲ್ಲಿ ಹೊಸದಲ್ಲ, ಅದಕ್ಕೆ ಉಡಿಕಿ ಎನ್ನುತ್ತಾರೆ. ಆದ್ದರಿಂದ ತಕರಾರು ಇರಬೇಕಾಗಿರಲಿಲ್ಲ. ಆದರೆ ಉಡಿಕಿಗೆ ಒಂದು ರೀತಿ ಇತ್ತು. ಅದು ಹೊತ್ತು ಮುಳುಗಿದ ಮೇಲೆ, ಬಾಗಿಲು ಹಾಕಿಕೊಂಡು, ವಾಲಗವಿಲ್ಲದೆ ಆಗಬೇಕು. ಮುತ್ತೈದೆಯರು ಆ ಹೊತ್ತಿನಲ್ಲಿ ಅವಳ ಮುಖ ನೋಡಬಾರದು. ನೋಡಿದರೆ ತಮ್ಮ ಕುಂಕುಮಕ್ಕೆ ಕೇಡು ಎಂದು ನಂಬಿಕೆ. ಮಿಸ್ತ್ರಿ ಇದಕ್ಕೆಲ್ಲ ಒಪ್ಪಿದ್ದರು. ಒಪ್ಪದವಳು ಆಕೆ.

"ಕತ್ತಲಾಗ ಯಾಕ? ನಾ ಏನ್ ಕಳುವು ಮಾಡೇನಿ?" ಎಂದು ಕೇಳಿದಳಂತೆ. "ಪಾಳಿ ಬಿಡೂ ಹೊತ್ತಿನ್ಯಾಗ, ಎರಡ ಗಂಟೇಕ, ಮಂದೆಲ್ಲಾ ಹಾದ್ಯಾಗ ಇರ್ತಾರಲ್ಲ, ಆವಾಗ ಆಗಲಿ. ಇಲ್ಲಾಂದ್ರ ನಾ ಹಿಂಗ ಛಲೋ ಅದೇನಿ."

ಇದನ್ನು ಹೇಳಲು ಅವರು ನಮ್ಮ ಮನೆಗೆ ಬಂದಾಗ ಅವರ ಮುಖದಲ್ಲಿ ಚಿಂತೆಯೂ ಇತ್ತು, ಹೆಮ್ಮೆಯೂ ಇತ್ತು. "ಅಕಿ ಹೇಳೂದು ಖರೇ ಐತಿ ತಮ್ಮಾ. ನನಗ ಹೊಳೀಲಿಲ್ಲ ನೋಡು. ಸಿಕ್ರ ಸಾಕು ಅಂತ ಹೊಂಟಿದ್ದೆ. ಕದ್ದು ಮಾಡಿಕೊಂಡ್ರ, ನಾಳೆ ಯಾವಳರ ಒಬ್ಬಾಕಿ ನೀರಿನ ನಳದಾಗ ಅಕೀಗೆ ಮಾತು ಅಂದಾಗ ನಾ ಏನಂತ ಹೇಳ್ಲಿ?"

ಒಳಗಿನಿಂದ ಅವ್ವ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ನನ್ನ ಅವ್ವನ ಬಗ್ಗೆ ಇಲ್ಲಿ ಹೇಳಲೇಬೇಕು. ನನಗೆ ಮೂರು ತುಂಬುವುದರೊಳಗೆ ಅಪ್ಪ ಹೋದ. ಅವ್ವನಿಗಾಗ ಇಪ್ಪತ್ತರ ಹತ್ತಿರ. ಕೂಲಿ ಮಾಡಿ, ಹೊಲಿಗೆ ಹಾಕಿ ನನ್ನನ್ನು ಓದಿಸಿದಳು. "ನಿನ್ನ ಸಲುವಾಗಿ ಎಲ್ಲಾ ಬಿಟ್ಲು" ಎಂದು ಬಳಗದವರು ಹೇಳಿದಾಗಲೆಲ್ಲ ನನಗೆ ಒಂದು ಬಗೆಯ ಗರ್ವ. ರೀತಿ ರಿವಾಜಿನಲ್ಲಿ ಅವಳಷ್ಟು ಕಟ್ಟುನಿಟ್ಟಿನವಳು ಅಂಬೇವಾಡಿಯಲ್ಲಿ ಇರಲಿಲ್ಲ. ಯಾರ ಮನೆಯ ಶುಭಕಾರ್ಯದಲ್ಲೂ ಮುಂದೆ ನಿಲ್ಲುತ್ತಿರಲಿಲ್ಲ, ಹಿತ್ತಲಲ್ಲಿ ಕುಳಿತು ಅಕ್ಕಿ ಬೇಳೆ ಹಸನು ಮಾಡಿಕೊಟ್ಟು ಬರುತ್ತಿದ್ದಳು. ಮಿಸ್ತ್ರಿ ಹೋದ ಮೇಲೆ ಅವಳು, "ಹಗಲಾಗ ಉಡಿಕಿ ಅಂದ್ರ ಏನ? ಹುಚ್ಚ ಹಿಡದೇತಿ ಅವರಿಗೆ. ನೀ ಅದರಾಗ ಬೀಳಬ್ಯಾಡ" ಎಂದಳು. ಅವರೊಂದಿಗೆ ಮಾತು ಬಿಟ್ಟಳು. ಈಳಿಗೆ ಕೊಡುವುದನ್ನೂ ಬಿಟ್ಟಳು. ಆ ಒಂದು ತಿಂಗಳು ನಾವು ಬದನೆಕಾಯಿಯನ್ನು ಹೆಚ್ಚಿ ತಿಂದೆವೋ ಜಜ್ಜಿ ತಿಂದೆವೋ ಹೇಳುವುದು ಕಷ್ಟ.

ವಿರೋಧ ಅವಳದೊಂದೇ ಅಲ್ಲ. ಮಿಸ್ತ್ರಿಗೆ ತಂದೆತಾಯಿ ಇರಲಿಲ್ಲ. ಮುಂಡಗೋಡದ ಕಡೆ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಿದ್ದ ಅಣ್ಣ ಸಾಕಿ ಬೆಳೆಸಿದ್ದ. ಅವನು, "ನನಗ ಇಬ್ರು ಹೆಣ್ಣಮಕ್ಕಳದಾರ, ಹಗಲಾಗ ಆದ್ರ ನಾ ಬರೂದಿಲ್ಲ" ಎಂದು ಹೇಳಿ ಕಳಿಸಿದ. ಮದುವೆ ಮಾಡಿಸುವ ಹಳಿಯಾಳದ ಅಯ್ಯನವರು ಕತ್ತಲಾದ ಮೇಲೆ ಬರುತ್ತೇನೆ ಎಂದರು. ಕೊನೆಗೆ ಹುಡುಗಿಯ ಅಣ್ಣ ಆ ಫಿಟ್ಟರ್ ಒಂದು ಮಾತಿಗೆ ಬಂದ: ಹಗಲೇ ಆಗಲಿ, ಆದರೆ ಕಾರ್ಖಾನೆಯ ಎರಡು ಗಂಟೆಯ ಭೋಂಗಾ ಊದುವುದರೊಳಗೆ ಐದು ಮಂದಿ ಮುತ್ತೈದೆಯರು ಬಂದು ಮದುವಣಗಿತ್ತಿಗೆ ಅರಿಶಿಣ ಹಚ್ಚಬೇಕು. ಬರದಿದ್ದರೆ ಸುಮ್ಮನೆ ಒಳಗೆ ಎದ್ದು ಹೋಗಿ, ದೀಪ ಹಚ್ಚಿದ ಮೇಲೆ ರೀತಿಯಂತೆ ಮಾಡಿಕೊಳ್ಳಬೇಕು. ಮಿಸ್ತ್ರಿ ಒಪ್ಪಿಬಂದರು. ಒಳಗೆ ಎದ್ದು ಹೋದರೆ ಆಕೆ ಮತ್ತೆ ಹೊರಗೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಒಂದು ವಾರ ಅವರು ಮನೆ ಮನೆಗೆ ಹೋಗಿ ಕರೆದರು. ಪ್ರತಿ ಮನೆಯಲ್ಲೂ ಅವರು ಹರಿತ ಮಾಡಿದ ಒಂದು ಈಳಿಗೆ ಇತ್ತು. ಏಳನೆಯ ದಿನ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕುಳಿತರು.

"ಏನಂದ್ರು ಅಣ್ಣಾರ?"

"ಎಲ್ಲಾರೂ 'ನೋಡೂಣು ಬರ್ರಿ' ಅಂದ್ರು. ಬರೂದಿಲ್ಲ ಅಂತ ಒಬ್ಬಾಕೀನೂ ಅನಲಿಲ್ಲ. ಅದಕ್ಕ ಹೆದರಿಕಿ ಬಂದೇತಿ."

ಮನುಷ್ಯರ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಆಮೇಲೆ ಓದಿದ ಪುಸ್ತಕಗಳಲ್ಲೂ ಕಂಡಿಲ್ಲ. ನಾನೂ ಅಂಥವರಲ್ಲಿ ಒಬ್ಬನೇ. ಅವ್ವನಿಗೆ ಎದುರಾಡುವ ಧೈರ್ಯವಿಲ್ಲದೆ, ಹಂದರಕ್ಕೆ ನಾಲ್ಕು ಗಳ ಹೊತ್ತುಕೊಟ್ಟು ನನ್ನ ಪಾಲಿನ ಕ್ರಾಂತಿ ಮುಗಿಯಿತೆಂದುಕೊಂಡಿದ್ದೆ.

ಆ ದಿನ ಬಿಸಿಲು ಚೆನ್ನಾಗಿತ್ತು. ಮನೆಸಾಲಿನ ಮುಂದಿನ ಬಯಲಿನಲ್ಲಿ ಹಂದರ. ಒಂದೂವರೆಯಿಂದ ಆಕೆ ಮಣೆಯ ಮೇಲೆ ಹಸಿರು ಸೀರೆ ಉಟ್ಟು ಕುಳಿತಿದ್ದಳು. ಪಕ್ಕದ ಮಣೆಯಲ್ಲಿ ಮಿಸ್ತ್ರಿ, ಹೊಸ ಧೋತರ, ಯಾರದೋ ರುಮಾಲು. ಮುಂದೆ ಬಟ್ಟಲಲ್ಲಿ ಕಲಸಿದ ಅರಿಶಿಣ. ನಾವು ಹತ್ತು ಹನ್ನೆರಡು ಗಂಡಸರು ಕೆಲಸವಿಲ್ಲದೆ ಗಳ ಹಿಡಿದುಕೊಂಡು ನಿಂತಿದ್ದೆವು. ಹೆಂಗಸರು ತಂತಮ್ಮ ಬಾಗಿಲಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ. ಒಬ್ಬಳು ಹೊಸ್ತಿಲು ದಾಟಿದ್ದರೂ ಉಳಿದವರು ಬರುತ್ತಿದ್ದರು, ಆದರೆ ಆ ಒಬ್ಬಳಾಗಲು ಯಾರಿಗೂ ಮನಸ್ಸಿರಲಿಲ್ಲ. ಬಟ್ಟಲಿನ ಅರಿಶಿಣ ಅಂಚಿನಲ್ಲಿ ಒಣಗತೊಡಗಿತು. ಮಿಸ್ತ್ರಿ ಅದಕ್ಕೆ ಎರಡು ಸಲ ನೀರು ಚಿಮುಕಿಸಿದರು.

ಇನ್ನೇನು ಎರಡಾಗುವುದರಲ್ಲಿತ್ತು. ಫಿಟ್ಟರ್ ಬಂದು ತಂಗಿಗೆ, "ಏಳವಾ, ಒಳಗ ನಡಿ" ಎಂದ. ಆಕೆ ಏಳಲಿಲ್ಲ. ಆದರೆ ಕಣ್ಣು ಕೆಳಗಿಳಿಸಿದಳು. ಅಷ್ಟು ದಿನದಲ್ಲಿ ಆಕೆ ಕಣ್ಣು ಇಳಿಸಿದ್ದನ್ನು ನಾನು ನೋಡಿರಲಿಲ್ಲ.

ಆಗ ನಮ್ಮ ಮನೆಯ ಬಾಗಿಲು ತೆರೆಯಿತು. ಅವ್ವ ತಲೆ ತುಂಬ ಸೆರಗು ಹೊದ್ದು, ಬಯಲಿನ ನಟ್ಟನಡುವೆ, ಬಿಸಿಲಿನಲ್ಲಿ ನೇರ ನಡೆದು ಬಂದಳು. ಜಗಳ ಮಾಡಲು ಬಂದಳೆಂದೇ ನಾನು ತಿಳಿದೆ. ತಡೆಯಲು ಎರಡು ಹೆಜ್ಜೆ ಮುಂದೆ ಇಟ್ಟೆ ಕೂಡ. ಅವಳು ನನ್ನನ್ನು ದಾಟಿ ಹೋಗಿ ಬಟ್ಟಲ ಮುಂದೆ ಕುಕ್ಕರಿಸಿದಳು.

"ನೀವು ಮುತ್ತೈದಿ ಅಲ್ರೀ ಅವ್ವಾರ" ಎಂದ ಫಿಟ್ಟರ್, ಹೆದರಿಕೊಂಡೇ.

"ಅಕಿನೂ ಅಲ್ಲಲ್ಲೋ" ಎಂದಳು ಅವ್ವ. ನಂತರ ಆಕೆಯ ಕಡೆ ತಿರುಗಿ, "ನನ್ನ ಕೈಲೆ ನಡೀತೇತೇನವಾ?" ಎಂದು ಕೇಳಿದಳು.

ಆಕೆ ಕೆನ್ನೆ ಮುಂದೆ ಮಾಡಿದಳು. ಇಪ್ಪತ್ತು ವರ್ಷ ಅರಿಶಿಣ ಮುಟ್ಟದ ಕೈ ಬಟ್ಟಲಿಗೆ ಹೋಯಿತು. ರೂಢಿ ತಪ್ಪಿದ್ದ ಅವ್ವ ಹಣೆಯ ಮೇಲೆಲ್ಲ ಮೆತ್ತಿಬಿಟ್ಟಳು. ಮಿಸ್ತ್ರಿಗೂ ಹಚ್ಚಿದಳು. ಹಚ್ಚುತ್ತ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಕುಳಿತಲ್ಲಿಂದಲೇ ಬಗ್ಗಿ ಅವಳ ಪಾದ ಮುಟ್ಟಿದರು.

ಎರಡನೆಯವಳು ಹಿಂದೊಮ್ಮೆ ಸೆರಗು ಸಿಕ್ಕಿಸಿಕೊಂಡು ಬೈಯಲು ಬಂದಿದ್ದ ಆ ಬೆಳಗಾವಿಯ ಅತ್ತೆ, ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಆಮೇಲೆ ಬಾಗಿಲುಗಳು ಒಂದೊಂದಾಗಿ ಖಾಲಿಯಾದವು. ಐದನೆಯವಳು ಯಾರೆಂದು ಲೆಕ್ಕ ಇಡಲು ಯಾರಿಗೂ ಪುರಸೊತ್ತಿರಲಿಲ್ಲ. ಭೋಂಗಾ ಊದಿತು. ಪಾಳಿ ಬಿಟ್ಟ ಮಂದಿ ಡಬ್ಬಿ ಹಿಡಿದುಕೊಂಡು ಬಂದು ನಿಂತು, ಅಕ್ಕಿಕಾಳು ಸಾಲದೆ ಹಂದರದ ಹೂವನ್ನೇ ಕಿತ್ತು ಎಸೆದರು.

ಸಂಜೆ ನಾನು ಅವ್ವನನ್ನು ಕೇಳಿದೆ, "ಮಿಸ್ತ್ರಿ ಕಿವ್ಯಾಗ ಏನಂದೆವಾ?"

"ಅರಿಶಿಣ ಭಾಳ ನೀರ ಮಾಡೀರಿ ಅಂದೆ" ಎಂದು ಅವಳು ಒಳಗೆ ಹೋದಳು.

ಅವರ ಸಂಸಾರದ ಬಗ್ಗೆ ಹೇಳಲು ಹೆಚ್ಚಿಲ್ಲ, ಯಾಕೆಂದರೆ ಅವರು ಸುಖವಾಗಿದ್ದರು. ಜಗಳವಾಡಿದರೆ ಆಕೆಯೇ ಗೆಲ್ಲುತ್ತಿದ್ದಳು, ಸೋತ ಖುಷಿಯಲ್ಲಿ ಇವರು ಸಾಣೆಯ ಮುಂದೆ ಕುಳಿತು ಗುನುಗುತ್ತಿದ್ದರು. ಮಿಸ್ತ್ರಿಯ ಅಣ್ಣನ ಸಿಟ್ಟು ಅವನ ಮೊದಲ ಮಗಳ ಮದುವೆಗೆ ಸಂಬಂಧ ಕೂಡಿಬಂದ ದಿನ ಇಳಿಯಿತು. ತಾನೇ ಬಂದು ಇಬ್ಬರನ್ನೂ ಕರೆದುಕೊಂಡು ಹೋದ. ಆಮೇಲೆ ಸುಗ್ಗಿಗೆ ಇವರು ಪ್ರತಿವರ್ಷ ಹೋಗುವುದು ರೂಢಿಯಾಯಿತು. ಒಂದು ವರ್ಷ ಅಲ್ಲಿಂದ ಬಂದು ಮುಂಡಗೋಡದ ಟಿಬೆಟನ್ ಕಾಲೊನಿಯ ಸುದ್ದಿ ತಂದರು. ಹೊಸದಾಗಿ ನೆಲೆ ನಿಂತ ಆ ಮಂದಿ ಗೋವಿನಜೋಳ ಬೆಳೆದಿದ್ದರು, ಆದರೆ ಕುಡಗೋಲು ಮೊಂಡ. ಭಾಷೆ ಬಾರದೆ, ಮಿಸ್ತ್ರಿ ಒಂದು ಮರದ ಕೆಳಗೆ ಕಲ್ಲು ಹಾಕಿ ಸುಮ್ಮನೆ ಕುಳಿತರಂತೆ. ಸಂಜೆಯೊಳಗೆ ಕಾಲೊನಿಯ ಕಬ್ಬಿಣವೆಲ್ಲ ಮುಂದೆ ಬಂದಿತ್ತಂತೆ. "ಉಪ್ಪು ಹಾಕಿದ ಚಹಾ ಕೊಟ್ರು ತಮ್ಮಾ. ಮೂರ ಬಟ್ಲ ಕುಡದೆ. ಏನ್ ಮಾಡ್ಲಿ, ಅಷ್ಟ ಪ್ರೀತಿಲೆ ಕೊಟ್ರು."

ಅದೇ ವರ್ಷದ ಕೊನೆಗೆ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನ ಬಳಗದವರೆಲ್ಲ ಮತ್ತೆ ಅದೇ ಮಾತು ಹೇಳಿ ಹೋದರು, ಮಗನ ಸಲುವಾಗಿ ಎಲ್ಲಾ ಬಿಟ್ಟಳೆಂದು. ಅವರು ಹೋದ ಮೇಲೆ ಮಿಸ್ತ್ರಿ ಕಟ್ಟೆಗೆ ಬಂದು ನನ್ನ ಪಕ್ಕ ಕುಳಿತರು. ಬಹಳ ಹೊತ್ತು ಹೆಬ್ಬೆರಳಿನ ಉಗುರನ್ನು ಉಜ್ಜುತ್ತಿದ್ದರು.

"ಅವ್ವಾರು ಇರೂತನಾ ಯಾರಿಗೂ ಹೇಳಬ್ಯಾಡ ಅಂದಿದ್ರು. ಈಗ ನಿನಗ ಹೇಳಬೇಕು ಅನಸ್ತೇತಿ. ಆವತ್ತ ನನ್ನ ಕಿವ್ಯಾಗ ಅಂದದ್ದು."

"ಏನಂದ್ಲು?"

"'ನನ್ನೂ ಒಬ್ಬಾಂವ ಕೇಳಿದ್ದ. ಛಲೋ ಮನಷ್ಯಾ. ಮಗನ್ನ ಬಿಟ್ಟು ಕತ್ತಲಾಗ ಬಾ ಅಂದ್ರು ಹಿರ್‍ಯಾರು. ಒಲ್ಲೆ ಅಂದೆ. ಹಗಲಾಗ ಕರದಿದ್ರ ಹುಡುಗನ್ನ ಬಗಲಾಗ ಎತಗೊಂಡು ಹೋಗ್ತಿದ್ದೆ' ಅಂದ್ರು."

"ಹೆಸರು ಹೇಳಿದ್ಲೇನು?" ಎಂದು ಕೇಳಿದೆ.

"ಇಲ್ಲ. ನಾನೂ ಕೇಳಲಿಲ್ಲ."

ಮೂವತ್ತು ವರ್ಷ ನಾನು ಅವಳ ತ್ಯಾಗದ ಗರ್ವ ಹೊತ್ತು ತಿರುಗಿದ್ದೆ. ನಿನಗೇನು ಬೇಕಿತ್ತವಾ ಎಂದು ಒಂದು ದಿನವೂ ಕೇಳಿರಲಿಲ್ಲ. ಹನ್ನೊಂದು ದಿನ ಬಾರದ ಅಳು ಆಗ ಬಂತು. ಅವರು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ನಾನು ಮುಗಿಸುವವರೆಗೆ ಕುಳಿತಿದ್ದು, "ಏಳ ತಮ್ಮಾ, ಅಕಿ ರೊಟ್ಟಿ ಬಡೀಲಿಕ್ಕತ್ತಾಳ. ಬಿಸಿ ಇರೂದ್ರಾಗ ಉಣ್ಣೂಣು ನಡಿ" ಎಂದರು.

ಆ ಮಧ್ಯಾಹ್ನ ನಾನು ನಾಲ್ಕು ರೊಟ್ಟಿ ಉಂಡೆ. ಐದನೆಯದನ್ನು ಆಕೆ ಕೇಳದೆಯೇ ಬಡಿಸುತ್ತ, "ನಿಮ್ಮವ್ವ ನನಗೂ ಅವ್ವನ" ಎಂದಳು. ನಾನು ಹೌದೆಂದು ತಲೆಯಾಡಿಸಿ ಅದನ್ನೂ ಉಂಡೆ.